ಮಂಗಳವಿಲ್ಲದ ಕಥಾಕಾಲಕ್ಷೇಪ

(ಬಾನುಲಿ ಭಾಷಣ)

ಹರಿಕಥೆಗೆ ನಮ್ಮ ಹಿರಿಯರು ಇಟ್ಟ ಇನ್ನೊಂದು ಹೆಸರು ಕಥಾಕಾಲಕ್ಷೇಪ. ಕಥೆಯಲ್ಲಿ ಕಾಲ ಕಳೆಯುವುದು ಎಂಬುದೇ ಅದರ ನೇರವಾದ ಅರ್ಥ. ಕಾಲ ಕಳೆಯುವುದನ್ನು ನಮ್ಮವರು ಪಾಪವೆಂದು ಎಣಿಸಿರಲಿಲ್ಲ ಎಂಬುದಕ್ಕೆ ಆ ಹೆಸರೇ ಸಾಕ್ಷಿ. ದುಡಿದು ದಣಿದ ಜೀವಕ್ಕೆ ಒಂದಿಷ್ಟು ಹೊತ್ತು ಕಥೆ ಬೇಕು, ಹಾಡು ಬೇಕು, ನಗೆಯೂ ಬೇಕು. ಆದರೆ ಎಷ್ಟೇ ಸ್ವಾರಸ್ಯವಾದ ಹರಿಕಥೆಗೂ ಒಂದು ಕೊನೆಯಿತ್ತು. ದಾಸರು ಮಂಗಳ ಹಾಡುತ್ತಿದ್ದರು. ಆರತಿಯ ತಟ್ಟೆ ಬರುತ್ತಿತ್ತು. ಮಡಿಲಲ್ಲಿ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಜನ ಮನೆಯ ಕಡೆ ನಡೆಯುತ್ತಿದ್ದರು. ಊರ ಗುಡಿಯಲ್ಲಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಓದಿಸುವಾಗಲೂ ಅಷ್ಟೇ. ಆ ದಿನದ ಸಂಧಿ ಮುಗಿದರೆ ಪುಸ್ತಕ ಮುಚ್ಚುತ್ತಿತ್ತು. ಕರಾವಳಿಯ ಯಕ್ಷಗಾನ ಮೇಳಗಳು ಇರುಳೆಲ್ಲ ಆಡಿದರೂ ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತಿದ್ದವು. ಬೇಸಗೆಯ ಕೊನೆಗೆ ಪತ್ತನಾಜೆ ಬಂತೆಂದರೆ ಗೆಜ್ಜೆ ಬಿಚ್ಚುವುದು ಇಂದಿಗೂ ಅಲ್ಲಿಯ ಸಂಪ್ರದಾಯ.

ಕೇಳುಗ ಮಿತ್ರರೇ, ಇಂದು ನಮ್ಮ ಮನೆಮನೆಗಳಲ್ಲಿ ಹೊತ್ತು ಮೂಡುವ ಮೊದಲೇ ಆರಂಭವಾಗಿ ನಡುರಾತ್ರಿ ದಾಟಿದರೂ ಮುಗಿಯದ ಒಂದು ಕಥಾಕಾಲಕ್ಷೇಪ ನಡೆಯುತ್ತಿದೆ. ಹೇಳುವವರಿಗೆ ದಣಿವಿಲ್ಲ, ಕೇಳುವವರಿಗೆ ಬಿಡುವಿಲ್ಲ, ಮಂಗಳ ಹಾಡುವವರಂತೂ ಯಾರೂ ಇಲ್ಲ. ಆ ಕಿರುತೆರೆಗೆ ಗೃಹಜೀವನದಲ್ಲಿ ಎಷ್ಟು ಎಡೆ ಕೊಡಬೇಕು, ಆ ಎಡೆಯನ್ನು ಗೊತ್ತುಮಾಡಬೇಕಾದವರು ಯಾರು ಎಂಬುದೇ ಈ ಭಾಷಣದ ವಿಷಯ.

ಬಾನುಲಿಯ ಮುಂದೆ ಕುಳಿತು ದೂರದರ್ಶನವನ್ನು ದೂರುವುದು ಕೆಲವರಿಗೆ ದಾಯಾದಿ ಮತ್ಸರದಂತೆ ತೋರಬಹುದು. ಇಬ್ಬರೂ ಒಂದೇ ಮನೆಯವರೆಂಬುದು ನಿಜ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕವಾಗಿ ಹುಟ್ಟಿದ ದೂರದರ್ಶನ 1976ರವರೆಗೂ ಆಕಾಶವಾಣಿಯ ಕೂಡುಕುಟುಂಬದಲ್ಲೇ ಬೆಳೆಯಿತು. ಆ ವರ್ಷ ಪಾಲಾಗಿ ಬೇರೆ ಮನೆ ಹೂಡಿತು. 1997ರಲ್ಲಿ ಪ್ರಸಾರ ಭಾರತಿಯ ಸೂರಿನಡಿ ಅಣ್ಣತಮ್ಮಂದಿರು ಮತ್ತೆ ಸೇರಿದರು. ಆದ್ದರಿಂದ ನಾನು ಆಡುವುದು ಮತ್ಸರದ ಮಾತಲ್ಲ. ಆದರೂ ಇಬ್ಬರ ಸ್ವಭಾವದಲ್ಲಿ ಒಂದು ಭೇದವಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದಂದಿನಿಂದ ಇಂದಿನವರೆಗೆ ಬಾನುಲಿ ನಮ್ಮಿಂದ ಕೇಳಿದ್ದು ಕಿವಿಯನ್ನು ಮಾತ್ರ. ಅಕ್ಕಿ ಆರಿಸುತ್ತ, ಹೂ ಕಟ್ಟುತ್ತ, ಯಂತ್ರದ ಮುಂದೆ ನಿಂತು ದುಡಿಯುತ್ತ ಅದನ್ನು ಕೇಳಬಹುದು. ಕಿರುತೆರೆ ಕಣ್ಣನ್ನೂ ಕೇಳುತ್ತದೆ. ಕಣ್ಣು ಹೋದ ಕಡೆ ಮುಖ ತಿರುಗುತ್ತದೆ. ಮುಖ ತಿರುಗಿದ ಮೇಲೆ ಪಕ್ಕದಲ್ಲಿ ಕುಳಿತವರೊಡನೆ ಮಾತು ನಿಲ್ಲುತ್ತದೆ.

ಕನ್ನಡ ನಾಡಿಗೆ ದೂರದರ್ಶನ ಬಂದ ಬಗೆಯನ್ನು ನೆನೆದರೆ ಇಂದಿನ ಸ್ಥಿತಿ ಸ್ಪಷ್ಟವಾಗುತ್ತದೆ. ಅದು ಮೊದಲು ಬಂದದ್ದು ಬೆಂಗಳೂರಿನ ಬಂಗಲೆಗಳಿಗಲ್ಲ. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಅಮೆರಿಕದಿಂದ ಎರವಲು ಪಡೆದ ಒಂದು ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಹೆಸರಿನ ಬೋಧನಾ ಪ್ರಯೋಗ ನಡೆಯಿತು. ಕರ್ನಾಟಕದ ಪಾಲಿಗೆ ಬಂದವು ಆ ಮೂರು ಜಿಲ್ಲೆಗಳು. ಹಳ್ಳಿಗೊಂದು ಪೆಟ್ಟಿಗೆ, ಅದು ಇರುತ್ತಿದ್ದುದು ಶಾಲೆಯಂಥ ಹತ್ತು ಜನರ ಸ್ಥಳದಲ್ಲಿ. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಬೇಸಾಯ, ಆರೋಗ್ಯ, ಸ್ವಲ್ಪ ಹಾಡು ಕುಣಿತ. ಅಷ್ಟಾದ ಮೇಲೆ ತೆರೆ ತಾನಾಗಿಯೇ ಆರುತ್ತಿತ್ತು. ಜನ ಎದ್ದು, ಕಂಡದ್ದರ ವಿಚಾರವಾಗಿ ಮಾತನಾಡುತ್ತ ಮನೆಗೆ ಹೋಗುತ್ತಿದ್ದರು. ದೂರದರ್ಶನ ಊರಿನಲ್ಲಿತ್ತು, ಮನೆಯೊಳಗೆ ಇರಲಿಲ್ಲ.

ಆಮೇಲೆ 1977ರಲ್ಲಿ ಕಲಬುರಗಿಯಿಂದಲೂ 1980ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನಿಂದಲೂ ಪ್ರಸಾರ ಆರಂಭವಾಯಿತು. 1982ರಲ್ಲಿ ಬಣ್ಣ ಬಂತು. ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಎದ್ದ ಮನೆ ಬೀದಿಗೇ ಯಜಮಾನನ ಮನೆಯಾಯಿತು. ಶುಕ್ರವಾರದ ಚಿತ್ರಮಂಜರಿಗೂ ವಾರಾಂತ್ಯದ ಚಲನಚಿತ್ರಕ್ಕೂ ನೆರೆಹೊರೆಯ ಮಕ್ಕಳೆಲ್ಲ ಆ ಮನೆಯ ಹಜಾರದಲ್ಲಿ ನೆರೆಯುತ್ತಿದ್ದರು. ಶಂಕರನಾಗ್ ಅವರು ಆಗುಂಬೆಯನ್ನೇ ಮಾಲ್ಗುಡಿಯಾಗಿಸಿ ಚಿತ್ರಿಸಿದ ಕಥೆಗಳು ಬಂದವು. ‘ಸಿಹಿ ಕಹಿ’ ಧಾರಾವಾಹಿ ಬಂದು, ಅದರ ಹೆಸರು ನಟ ಚಂದ್ರು ಅವರ ಹೆಸರಿಗೆ ಬಿರುದಿನಂತೆ ಅಂಟಿಕೊಂಡಿತು. 1987ರ ಜನವರಿ 25ರಿಂದ ಒಂದೂವರೆ ವರ್ಷ, ಭಾನುವಾರದ ಬೆಳಗ್ಗೆ ರಾಮಾಯಣ ಬರುವ ಹೊತ್ತಿಗೆ ದೇಶದ ಬೀದಿಗಳೇ ಬರಿದಾಗುತ್ತಿದ್ದವು; ಪೆಟ್ಟಿಗೆಗೆ ಹೂವಿನ ಹಾರ ಹಾಕಿ ಊದುಬತ್ತಿ ಹಚ್ಚಿದವರೂ ಉಂಟು. ಅಂದಿನ ಈ ಉತ್ಸಾಹವನ್ನು ನೆನೆದು ನಾವು ನಗಬಹುದು. ಆದರೆ ಒಂದನ್ನು ಮರೆಯಬಾರದು. ಆ ರಾಮಾಯಣವೂ ವಾರಕ್ಕೊಂದು ಕಂತು, ಕಂತಿಗೆ ಒಂದು ಗಂಟೆಯೊಳಗಿನ ಅವಧಿ. ಉಳಿದ ಆರು ದಿನ ರಾಮನೂ ಸೀತೆಯೂ ನಮ್ಮ ಮಾತಿನಲ್ಲಿ ಇರುತ್ತಿದ್ದರು. ರಾತ್ರಿ ಪ್ರಸಾರ ಮುಗಿದರೆ ಮುಗಿಯಿತು. ಬೇಕೆಂದರೂ ನೋಡಲು ಏನೂ ಇರುತ್ತಿರಲಿಲ್ಲ.

ಎಂದರೆ, ಮಂಗಳ ಹಾಡುವ ಕೆಲಸವನ್ನು ಆಗ ಪ್ರಸಾರ ಕೇಂದ್ರವೇ ಮಾಡುತ್ತಿತ್ತು. ಮನೆಯವರು ಹಾಡಬೇಕಾದ ಪ್ರಮೇಯವೇ ಇರಲಿಲ್ಲ. ಹಾಗಾಗಿ ಅವರು ಆ ಹಾಡನ್ನು ಕಲಿಯಲಿಲ್ಲ. 1994ರಲ್ಲಿ ಉದಯ ಟೀವಿ ಬಂತು, 2000ದಲ್ಲಿ ಈಟೀವಿ ಕನ್ನಡ ಬಂತು, 2006ರಲ್ಲಿ ಜೀ ಕನ್ನಡ. ವಾಹಿನಿಗಳು ಹೆಚ್ಚಿದವು, ವಾರದ ಕಂತು ದಿನದ ಕಂತಾಯಿತು, ಒಂದು ಧಾರಾವಾಹಿ ಮುಗಿಯುವ ಕ್ಷಣಕ್ಕೆ ಮತ್ತೊಂದು ಮೊದಲಾಗುವಂತೆ ಹೊತ್ತುಗಳನ್ನು ಹೆಣೆದರು. ಅದೂ ಸುಮ್ಮನಲ್ಲ. ಜಾಹೀರಾತಿನ ಹಣ ಬರುವುದು ನೋಡುಗರ ಸಂಖ್ಯೆಯನ್ನು ಅನುಸರಿಸಿ. ನೋಡುಗ ಎದ್ದುಹೋದರೆ ವಾಹಿನಿಗೆ ನಷ್ಟ. ಹರಿಕಥೆಯ ದಾಸರಿಗೆ ಸಂಭಾವನೆ ಸಿಗುತ್ತಿದ್ದುದು ಮಂಗಳವಾದ ಮೇಲೆ. ಇಲ್ಲಿ ಮಂಗಳವಾದರೆ ಸಂಭಾವನೆಯೇ ನಿಲ್ಲುತ್ತದೆ. ಹೀಗಿರುವಾಗ ‘ಇನ್ನು ಸಾಕು, ಮಲಗಿರಿ’ ಎಂದು ವಾಹಿನಿಯೇ ಹೇಳಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಈ ಅನುಭವ ನಮಗೊಬ್ಬರಿಗೇ ಆದದ್ದಲ್ಲ. ಇಂಗ್ಲೆಂಡಿನಲ್ಲಿ ಬಿ.ಬಿ.ಸಿ. ಬಹುಕಾಲ ಸಂಜೆ ಆರರಿಂದ ಏಳರವರೆಗೆ ಕಿರುತೆರೆಯನ್ನು ಖಾಲಿ ಬಿಡುತ್ತಿತ್ತು. ತಾಯಂದಿರು ಮಕ್ಕಳನ್ನು ಮಲಗಿಸಲಿ, ದೊಡ್ಡ ಮಕ್ಕಳು ಪಾಠ ಬರೆಯಲಿ ಎಂಬುದು ಅದರ ಉದ್ದೇಶ. 1955ರಲ್ಲಿ ಜಾಹೀರಾತಿನಿಂದ ನಡೆಯುವ ವಾಹಿನಿ ಬಂದ ಮೇಲೆ ಆ ಒಂದು ಗಂಟೆಯ ವರಮಾನ ಹೋಗುವುದು ಕಣ್ಣಿಗೆ ಚುಚ್ಚತೊಡಗಿತು; 1957ರ ಫೆಬ್ರವರಿಯಲ್ಲಿ ಆ ಪದ್ಧತಿ ರದ್ದಾಯಿತು. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1966ರಲ್ಲಿ ದೂರದರ್ಶನ ಆರಂಭವಾದಾಗ ಗುರುವಾರ ಪ್ರಸಾರಕ್ಕೆ ರಜೆ. ಜುಲೈ ತಿಂಗಳು ಪೂರ್ತಿ ರಜೆ. ಜುಲೈ ರಜೆ 1983ರವರೆಗೂ ಗುರುವಾರದ ರಜೆ 1987ರವರೆಗೂ ನಡೆದುಬಂದವು. ಅಲ್ಲಿಯೂ ಕೊನೆಗೆ ಆ ಬಾಗಿಲುಗಳು ತೆರೆದುಕೊಂಡವು. ಹೊರಗಿನವರು ಹಾಕಿಕೊಟ್ಟ ಮಿತಿ ಹೊರಗಿನವರ ಕಾಲಕ್ಕೇ ಮುಗಿಯುತ್ತದೆ. ಉಳಿಯಬಲ್ಲದ್ದು ಮನೆ ತಾನೇ ಹಾಕಿಕೊಂಡ ಮಿತಿ ಮಾತ್ರ.

ಕನ್ನಡದಲ್ಲಿ ‘ಹೊತ್ತುಗೊತ್ತು’ ಎಂಬ ಒಳ್ಳೆಯ ಜೋಡುನುಡಿಯಿದೆ. ಹೊತ್ತು ಎಂದರೆ ಕಾಲ. ಗೊತ್ತು ಎಂದರೆ ನಿಗದಿಯಾದ ನೆಲೆ. ಊಟಕ್ಕೆ ಹೊತ್ತುಗೊತ್ತಿಲ್ಲ, ಮಾತಿಗೆ ಹೊತ್ತುಗೊತ್ತಿಲ್ಲ ಎಂದು ಹಿರಿಯರು ಗದರುತ್ತಿದ್ದುದನ್ನು ಕೇಳಿದ್ದೇವೆ. ಕಿರುತೆರೆಗೆ ಹೊತ್ತು ತಪ್ಪಿದ ಕಥೆಯನ್ನು ಇಷ್ಟು ಹೊತ್ತು ಹೇಳಿದೆ. ಇನ್ನು ಗೊತ್ತಿನ ಮಾತು. ಅದಕ್ಕೆ ಹೆಸರಿನಲ್ಲೇ ದಾಸರನ್ನು ಹೊತ್ತ ನಮ್ಮ ಟಿ. ದಾಸರಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ತುಮಕೂರು ರಸ್ತೆಯ ಎಂಟನೇ ಮೈಲಿಯ ಈ ಆಸುಪಾಸು ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿ. ಪಕ್ಕದ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದಂತೆ ಇಲ್ಲಿಯ ಹೊಲಗಳು ನಿವೇಶನಗಳಾದವು. 2007ರಲ್ಲಿ ಊರು ಬೃಹತ್ ಬೆಂಗಳೂರಿನೊಳಗೆ ಸೇರಿತು. 2015ರಲ್ಲಿ ತಲೆಯ ಮೇಲೆ ಮೆಟ್ರೋ ರೈಲು ಓಡಿತು. ತುಮಕೂರು, ಹಾಸನ, ಮಂಡ್ಯದ ಕಡೆಯವರಿಂದ ಹಿಡಿದು ರಾಯಚೂರು, ಕಲಬುರಗಿಯ ಕಡೆಯವರವರೆಗೆ ಹೊಟ್ಟೆಪಾಡಿಗೆ ಬಂದವರು ಇಲ್ಲಿ ನೆಲೆಸಿದ್ದಾರೆ. ಗಂಡ ಕಾರ್ಖಾನೆಯ ಪಾಳಿಗೆ, ಹೆಂಡತಿ ಗಾರ್ಮೆಂಟ್ಸಿಗೆ, ಮಕ್ಕಳು ಶಾಲೆಗೆ, ಊರಿನಿಂದ ಕರೆತಂದ ಮುದುಕಿ ಮನೆ ಕಾಯಲು. ಸಂಜೆ ಏಳೂವರೆಗೆ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಡೆದುಹೋದರೆ ಧಾರಾವಾಹಿಯ ಒಂದೇ ಸಂಭಾಷಣೆ ಈ ಮನೆಯ ಕಿಟಕಿಯಿಂದ ಆ ಮನೆಯ ಕಿಟಕಿಗೆ ಮುಂದುವರಿಯುತ್ತ ಬರುತ್ತದೆ. ರಸ್ತೆಯ ತುದಿ ಮುಟ್ಟುವಷ್ಟರಲ್ಲಿ ಅಂದಿನ ಕಂತಿನ ಕಥೆ ನಮಗೆ ತಿಳಿದಿರುತ್ತದೆ. ಆ ಮನೆಗಳಲ್ಲಿ ಇರುವವರ ಕಥೆ ಮಾತ್ರ ತಿಳಿಯುವುದಿಲ್ಲ.

ಟೀವಿಯನ್ನು ಮಕ್ಕಳು ಓದುವ ಕೋಣೆಯಲ್ಲಿ ಇಡಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ ಎಂದು ಪತ್ರಿಕೆಗಳು ಬುದ್ಧಿ ಹೇಳುತ್ತವೆ. ಒಳ್ಳೆಯ ಮಾತೇ. ಆದರೆ ಇಲ್ಲಿಯ ವಠಾರಗಳಲ್ಲಿ ಎಷ್ಟೋ ಕುಟುಂಬಗಳಿಗೆ ಇರುವುದೇ ಒಂದು ಕೋಣೆ, ಒಂದು ಅಡುಗೆಮನೆ. ಅದೇ ಹಜಾರ, ಅದೇ ಓದುವ ಕೋಣೆ, ಅದೇ ಮಲಗುವ ಮನೆ. ನೆಂಟರು ಬಂದರೆ ಅವರನ್ನು ಕೂರಿಸುವುದೂ ಅಲ್ಲೇ. ಅಂಥ ಮನೆಯಲ್ಲಿ ಕಿರುತೆರೆ ಒಂದು ಗೋಡೆಯಲ್ಲಿದ್ದರೂ ನಾಲ್ಕು ಗೋಡೆಗಳನ್ನೂ ಅದೇ ಆಳುತ್ತದೆ. ಮಗು ಲೆಕ್ಕ ಮಾಡುವುದು ಅದರ ಬೆಳಕಿನಲ್ಲಿ. ಎರಡನೇ ಪಾಳಿ ಮುಗಿಸಿ ಬಂದವನು ನಿದ್ದೆ ಮಾಡುವುದು ಅದರ ಸದ್ದಿನಲ್ಲಿ. ದೊಡ್ಡ ಮನೆಯವರು ಗೊತ್ತನ್ನು ಬದಲಿಸಿ ಪಾರಾಗಬಲ್ಲರು. ಚಿಕ್ಕ ಮನೆಯವರಿಗೆ ಉಳಿದಿರುವುದು ಹೊತ್ತು ಒಂದೇ. ಆದ್ದರಿಂದ ಮಿತಿಯ ಅಗತ್ಯ ಬಡವರ ಮನೆಯಲ್ಲಿ ಹೆಚ್ಚು. ಅದನ್ನು ಪಾಲಿಸುವ ಕಷ್ಟವೂ ಅಲ್ಲಿಯೇ ಹೆಚ್ಚು.

ಮಿತಿ ಮೀರಿದರೆ ಏನು ಹೋಗುತ್ತದೆ? ಕಣ್ಣು ಕೆಡುತ್ತದೆ, ನಿದ್ದೆ ಕೆಡುತ್ತದೆ ಎಂದು ವೈದ್ಯರು ಹೇಳುವುದನ್ನು ಎಲ್ಲರೂ ಬಲ್ಲರು. ಒಂದು ವರ್ಷದೊಳಗಿನ ಕೂಸಿಗೆ ತೆರೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಗೀಳಿಗೆ ಸಿಕ್ಕವರಿಗಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಕೆನಡಾದ ಒಂದು ಪಟ್ಟಣದ ಕಥೆ ಇನ್ನೂ ಬೋಧಪ್ರದವಾದದ್ದು. ಸುತ್ತಲಿನ ಬೆಟ್ಟಗಳಿಂದಾಗಿ 1973ರವರೆಗೆ ಅಲ್ಲಿಗೆ ದೂರದರ್ಶನ ಬಂದಿರಲಿಲ್ಲ. ಬರುವ ಮೊದಲೊಮ್ಮೆ, ಬಂದು ಎರಡು ವರ್ಷಗಳಾದ ಮೇಲೆ ಮತ್ತೊಮ್ಮೆ ವಿದ್ವಾಂಸರು ಅಲ್ಲಿಯ ಜನಜೀವನವನ್ನು ಪರೀಕ್ಷಿಸಿ 1986ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮಕ್ಕಳ ಓದಿನ ಸರಾಗತೆ ಕುಗ್ಗಿತ್ತು. ಊರಿನ ಕೂಟಗಳಿಗೂ ಸಮಾರಂಭಗಳಿಗೂ ಬರುವವರು ಕಡಿಮೆಯಾಗಿದ್ದರು. ಹಾಗೆ ಬರುವುದನ್ನು ನಿಲ್ಲಿಸಿದವರಲ್ಲಿ ವಯಸ್ಸಾದವರೇ ಹೆಚ್ಚಾಗಿದ್ದರು ಎಂಬುದು ಗಮನಿಸಬೇಕಾದ ಅಂಶ.

ನಾನು ಕನ್ನಡವನ್ನು ಪಾಠ ಹೇಳಿ ಬದುಕಿದವನು. ನನಗೆ ಇನ್ನೊಂದು ನಷ್ಟವೂ ಕಾಣುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಗಾದೆ ಊಟವನ್ನೂ ಮಾತನ್ನೂ ಒಂದೇ ಎಲೆಯಲ್ಲಿ ಬಡಿಸಿದೆ. ಮಗು ಮಾತು ಕಲಿಯುವುದು ಊಟದ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ. ರಾಯಚೂರಿನ ಕಡೆಯ ಅಜ್ಜಿ ದಾಸರಹಳ್ಳಿಗೆ ಬಂದಾಗ ತನ್ನ ಜೊತೆಗೆ ಒಂದು ಗಂಟು ಬಟ್ಟೆಯನ್ನಷ್ಟೇ ತರುವುದಿಲ್ಲ. ಒಂದು ಬಗೆಯ ಕನ್ನಡವನ್ನು ತರುತ್ತಾಳೆ. ಜೋಳದ ಹೊಲದ ಕೆಲಸಗಳ ಹೆಸರು, ಮಳೆಯ ನಕ್ಷತ್ರಗಳ ಹೆಸರು, ಬೀಸುವಾಗಿನ ಹಾಡು, ಸತ್ತುಹೋದ ಮುತ್ತಾತನ ಪ್ರತಾಪ, ಯಾರ ಮನೆಗೆ ಯಾರು ಸೊಸೆಯಾದರೆಂಬ ವಂಶಾವಳಿ, ಇವೆಲ್ಲ ಅವಳ ನೆನಪಿನಲ್ಲಿ ಇರುತ್ತವೆ. ಇವಾವುವೂ ಪಠ್ಯಪುಸ್ತಕದಲ್ಲಿಲ್ಲ, ಎಲ್ಲ ಜಿಲ್ಲೆಗಳಿಗೂ ಸಲ್ಲುವಂತೆ ಒಂದೇ ಅಚ್ಚಿಗೆ ಎರಕ ಹೊಯ್ದ ಧಾರಾವಾಹಿಯ ಕನ್ನಡದಲ್ಲಂತೂ ಇಲ್ಲ. ಅಜ್ಜಿ ಹೇಳದೆ ಹೋದರೆ, ಮೊಮ್ಮಗು ಕೇಳದೆ ಹೋದರೆ, ಅವು ಅವಳೊಡನೆಯೇ ಮಣ್ಣಾಗುತ್ತವೆ. 1975ರಲ್ಲಿ ತನ್ನೂರಿನ ಶಾಲೆಯ ಅಂಗಳದಲ್ಲಿ ಊರವರ ನಡುವೆ ಕುಳಿತು ಮೊದಲ ಬಾರಿಗೆ ದೂರದರ್ಶನವನ್ನು ಕಂಡ ಪುಟ್ಟ ಹುಡುಗಿಯೇ ಇಂದು ನಗರದ ಒಂಟಿಕೋಣೆಯಲ್ಲಿ ಅದರ ಮುಂದೆ ಒಬ್ಬಳೇ ಕುಳಿತ ಅಜ್ಜಿಯಾಗಿರಲು ಸಾಕು. ಅಂದು ಅವಳು ಕಂಡದ್ದನ್ನು ಹೇಳಲು ಮನೆಯಲ್ಲಿ ಕೇಳುವವರಿದ್ದರು. ಇಂದು ಮನೆಯೇ ತೆರೆಯ ಕಡೆ ತಿರುಗಿ ಕುಳಿತಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕಿರುತೆರೆಯನ್ನು ಬೈಯುವವರು ಸಾಮಾನ್ಯವಾಗಿ ಹೊರಗೆ ಓಡಾಡಿಕೊಂಡಿರುವ ಗಂಡಸರು. ಬೈಸಿಕೊಳ್ಳುವವರು ಮನೆಯಲ್ಲಿರುವ ಹೆಂಗಸರು ಮತ್ತು ವೃದ್ಧರು. ಹತ್ತು ಗಂಟೆಗಳ ಕಾಲ ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಇರುವ ಆ ಮುದುಕಿಗೆ ಊರಿನ ಜಗಲಿಯಿಲ್ಲ, ಗುಡಿಯ ಕಟ್ಟೆಯಿಲ್ಲ, ಪಕ್ಕದ ಮನೆಯವರ ಭಾಷೆ ಕೆಲವೊಮ್ಮೆ ತಿಳಿಯುವುದಿಲ್ಲ. ಧಾರಾವಾಹಿಯ ಅತ್ತೆಸೊಸೆಯರೇ ಅವಳ ನೆರೆಹೊರೆ. ಅವರ ಕಷ್ಟಕ್ಕೆ ಅವಳು ಅಳುವುದು ಹುಚ್ಚುತನವಲ್ಲ. ಅಳಲು ಅವಳಿಗೆ ಬೇರೆ ಜೊತೆಯಿಲ್ಲ. ಹಗಲೆಲ್ಲ ಹೊಲಿಗೆಯಂತ್ರದ ಮುಂದೆ ಬಗ್ಗಿ ಕುಳಿತು ಬಂದು ಒಲೆ ಹಚ್ಚುವ ಸೊಸೆಗೆ ಅರ್ಧ ಗಂಟೆಯ ಕಥೆ ದಣಿವಾರಿಸುವ ನೆರಳು. ಹೀಗಿರುವಾಗ ರಾತ್ರಿ ಒಂಬತ್ತಕ್ಕೆ ಬಂದ ಮನೆಯ ಯಜಮಾನ ‘ಆರಿಸಿ ಅದನ್ನು’ ಎಂದು ಗದರಿ, ತಾನು ಮೂಲೆಯಲ್ಲಿ ಕುಳಿತು ಕೈಯಲ್ಲಿನ ಫೋನನ್ನು ಉಜ್ಜತೊಡಗಿದರೆ, ಅದು ಮಿತಿಯಲ್ಲ, ದರ್ಪ. ಮನೆಯಲ್ಲಿ ದುರ್ಬಲರಾದವರಿಗೆ ಮಾತ್ರ ಅನ್ವಯಿಸುವ ನಿಯಮ ನಿಯಮವೇ ಅಲ್ಲ. ಕಿರುತೆರೆಯನ್ನು ಆರಿಸಿದವನು ಅದು ತೆರವು ಮಾಡಿದ ಜಾಗದಲ್ಲಿ ತಾನು ಬಂದು ಕೂರಬೇಕು. ಅಮ್ಮನ ಮೊಣಕಾಲು ನೋವನ್ನು ವಿಚಾರಿಸಬೇಕು, ಮಗಳ ಶಾಲೆಯ ವರದಿ ಕೇಳಬೇಕು, ಹೆಂಡತಿಯ ಕೆಲಸದ ತಾಪತ್ರಯಕ್ಕೆ ಕಿವಿಯಾಗಬೇಕು. ಅಷ್ಟು ಮಾಡಲು ಸಿದ್ಧವಿಲ್ಲದವನಿಗೆ ಅದನ್ನು ಆರಿಸುವ ಅಧಿಕಾರವಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ಫೋನಿನ ಮಾತು ಬಂದದ್ದರಿಂದ ಇನ್ನೊಂದು ಆಕ್ಷೇಪಣೆಗೂ ಉತ್ತರ ಹೇಳಬೇಕು. ತೆರೆ ಈಗ ಗೋಡೆಯಿಂದ ಇಳಿದು ಅಂಗೈಗೆ ಬಂದಿದೆ. ಮನೆಯ ನಾಲ್ವರು ನಾಲ್ಕು ಮೂಲೆಯಲ್ಲಿ ನಾಲ್ಕು ತೆರೆಗಳನ್ನು ಹಿಡಿದು ಕೂರುವ ಕಾಲದಲ್ಲಿ ಎಲ್ಲರೂ ಒಟ್ಟಾಗಿ ಟೀವಿ ನೋಡುವುದೇ ಪುಣ್ಯ, ಅದನ್ನೇಕೆ ತಡೆಯುತ್ತೀರಿ ಎಂದು ಕೇಳುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ದ ಬಗ್ಗೆ 1998ರಲ್ಲಿ ಕನ್ನಡದ ಮನೆಗಳಲ್ಲಿ ನಡೆದ ಚರ್ಚೆಯನ್ನು ಬಲ್ಲವರು ಒಳ್ಳೆಯ ಧಾರಾವಾಹಿ ಮಾತನ್ನು ಕೊಲ್ಲುವುದಿಲ್ಲ, ಹುಟ್ಟಿಸುತ್ತದೆ ಎಂದು ಒಪ್ಪುತ್ತಾರೆ. ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಕಾರ್ಯಕ್ರಮ ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಟ್ಟಿತು. ಅಜ್ಜ ಮೊಮ್ಮಕ್ಕಳು ಪೈಪೋಟಿಯಿಂದ ಉತ್ತರ ಹೇಳುವಂತೆ ಮಾಡಿತು. ಇಂಥದ್ದನ್ನು ಕಳೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ದಿಕ್ಕಿಗೆ ಮುಖಮಾಡಿ ಕೂರುವುದು ಬೇರೆ, ಒಬ್ಬರಿಗೊಬ್ಬರು ಮುಖಮಾಡಿ ಕೂರುವುದು ಬೇರೆ. ಮೊದಲನೆಯದು ಎರಡನೆಯದಕ್ಕೆ ಪೀಠಿಕೆಯಾದರೆ ಸಾರ್ಥಕ. ನಡುಮನೆಯ ದೊಡ್ಡ ತೆರೆಗೆ ‘ಸಾಕು’ ಎನ್ನಲು ಕಲಿತ ಮಗುವೇ ನಾಳೆ ಅಂಗೈಯ ತೆರೆಗೂ ‘ಸಾಕು’ ಎನ್ನಬಲ್ಲದು. ಎಲ್ಲರೂ ಸೇರಿ ಕಲಿಯಬಹುದಾದ ಪಾಠವನ್ನು ಮನೆಯಲ್ಲೇ ಕಲಿಯದಿದ್ದರೆ ಒಬ್ಬೊಬ್ಬರೇ ಇರುವಾಗ ಕಲಿಯುವ ಬಗೆ ಯಾವುದು?

ಇದು ಆಗುವ ಹೋಗುವ ಮಾತೇ ಎಂದು ಸಂದೇಹಪಡುವವರಿಗೆ ನಮ್ಮ ಗಡಿಯಾಚೆಯ ಒಂದು ಹಳ್ಳಿಯನ್ನು ತೋರಿಸುತ್ತೇನೆ. ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿದೆ. ಮೂರು ಸಾವಿರ ಜನರ ಊರು. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಫೋನು ಆಮೇಲೆ ಕೈಬಿಡದಾಯಿತು. ಹಿರಿಯರು ಧಾರಾವಾಹಿಯಲ್ಲಿ ಮುಳುಗಿದ್ದರು. ಮಕ್ಕಳ ಓದು ಕೆಡುತ್ತಿರುವುದನ್ನು ಶಿಕ್ಷಕರು ಕಂಡರು. 2022ರ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಊರವರು ಸಭೆ ಸೇರಿ ತೀರ್ಮಾನಿಸಿದರು: ದಿನವೂ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗುತ್ತದೆ; ಎಂಟೂವರೆಯವರೆಗೆ ಯಾರ ಮನೆಯಲ್ಲೂ ಟೀವಿ ಇಲ್ಲ, ಫೋನಿಲ್ಲ. ಮಕ್ಕಳು ಓದುತ್ತಾರೆ, ಹಿರಿಯರು ಮಾತನಾಡುತ್ತಾರೆ. ಇಲ್ಲಿ ಯಾವ ಸರಕಾರದ ಆಜ್ಞೆಯೂ ಇರಲಿಲ್ಲ. ಮೊದಮೊದಲು ನಕ್ಕವರಿದ್ದರು, ಒಪ್ಪದವರಿದ್ದರು. ಹೆಂಗಸರ ಸಭೆ ಮೊದಲು ಒಪ್ಪಿಕೊಂಡು ಉಳಿದವರನ್ನು ಒಪ್ಪಿಸಿತು. ಇಂಗ್ಲೆಂಡು 1957ರಲ್ಲಿ ಕೈಬಿಟ್ಟ ಸಂಜೆಯ ಆ ಒಂದು ಗಂಟೆಯನ್ನು ಒಂದು ಪುಟ್ಟ ಹಳ್ಳಿ ತನ್ನದೇ ಬುದ್ಧಿಯಿಂದ ಮತ್ತೆ ಕಂಡುಕೊಂಡಿತು.

ದಾಸರಹಳ್ಳಿಯಂಥ ಊರಿನಲ್ಲಿ ಸೈರನ್ ಕೂಗಿಸುವುದು ಸಾಧ್ಯವಿಲ್ಲ; ಕಾರ್ಖಾನೆಯ ಸೈರನ್ನುಗಳೇ ನಮಗೆ ಸಾಕಷ್ಟಿವೆ. ಪಾಳಿಯ ದುಡಿಮೆಯವರಿಗೆ ಎಲ್ಲರಿಗೂ ಒಂದೇ ಹೊತ್ತು ಒದಗುವುದೂ ಇಲ್ಲ. ಆದ್ದರಿಂದ ಒಂದೊಂದು ಮನೆಯೂ ತನ್ನ ಗಡಿಯಾರ ನೋಡಿ ತನ್ನ ಹೊತ್ತನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ನಾನು ಹೇಳಬಹುದಾದ ಉಪಾಯಗಳು ತೀರ ಸಾಮಾನ್ಯವಾದವು. ಉಣ್ಣುವ ಹೊತ್ತಿನಲ್ಲಿ ತೆರೆ ಆರಿರಲಿ. ಮಗುವಿಗೆ ತುತ್ತು ತಿನ್ನಿಸಲು ಅದನ್ನು ಹಚ್ಚುವ ಅಭ್ಯಾಸವಂತೂ ಬೇಡ. ಏನನ್ನು ತಿಂದೆನೆಂದು ತಿಳಿಯದೆ ತಿ೦ದ ಅನ್ನ ಮೈಗೆ ಹತ್ತಬಹುದು, ಮನಸ್ಸಿಗೆ ಹತ್ತುವುದಿಲ್ಲ. ಭಾನುವಾರ ಮನೆಯವರೆಲ್ಲ ಕುಳಿತು ಆ ವಾರ ನೋಡಬೇಕಾದದ್ದನ್ನು ಆರಿಸಿಕೊಳ್ಳಲಿ. ಅಜ್ಜಿಗೊಂದು ಪಾಲು, ಸೊಸೆಗೊಂದು ಪಾಲು, ಮಕ್ಕಳಿಗೊಂದು ಪಾಲು, ಕ್ರಿಕೆಟ್ಟಿನ ಹುಚ್ಚಿನವರಿಗೂ ಒಂದು ಪಾಲು. ಆರಿಸಿಕೊಂಡದ್ದು ಬರುವಾಗ ತೆರೆ ಹತ್ತಲಿ, ಮುಗಿದೊಡನೆ ಆರಲಿ. ಯಾರೂ ನೋಡದಿದ್ದರೂ ಸುಮ್ಮನೆ ಓಡುತ್ತಿರುವ ತೆರೆಯೇ ಹೆಚ್ಚು ಕಾಲವನ್ನು ನುಂಗುವಂಥದ್ದು. ಆರಿಸುವ ಕೆಲಸವನ್ನು ದಿನಕ್ಕೊಬ್ಬರಂತೆ ಸರದಿಯಲ್ಲಿ ಹಂಚಿಕೊಳ್ಳಲಿ. ಮಗುವಿನ ಸರದಿಯ ದಿನ ಅಪ್ಪನೂ ಆ ಮಾತನ್ನು ಮೀರದಿರಲಿ. ಜಾಣನಾದರೆ ಟೀವಿ, ತಂಟೆ ಮಾಡಿದರೆ ಟೀವಿಯಿಲ್ಲ ಎಂದು ಅದನ್ನು ಬಹುಮಾನವನ್ನಾಗಿಯೂ ಶಿಕ್ಷೆಯನ್ನಾಗಿಯೂ ಮಾಡಬಾರದು. ಹಾಗೆ ಮಾಡಿದರೆ ನಾವೇ ಅದನ್ನು ಮನೆಯ ಅತಿ ದೊಡ್ಡ ಭಾಗ್ಯವೆಂದು ಮಗುವಿಗೆ ಕಲಿಸಿದಂತಾಗುತ್ತದೆ.

ಮೊದಲ ಕೆಲವು ದಿನ ಮನೆ ಭಣಗುಟ್ಟುತ್ತದೆ. ಮಾತು ಹೊರಡುವುದಿಲ್ಲ, ಬಹುದಿನ ಬಳಸದ ಬಾವಿಯಲ್ಲಿ ಮೊದಲ ಕೊಡಗಳು ಕೆಸರು ನೀರು. ಅದಕ್ಕೆ ಅಂಜಬಾರದು. ಚೌಕಾಬಾರದ ಮನೆಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿದರೆ ಆಯಿತು. ಕವಡೆಯಿಲ್ಲದಿದ್ದರೆ ಹುಣಿಸೆ ಬೀಜ ಸಾಕು. ಅಳಗುಳಿ ಮಣೆಯ ಆಟ ಅಜ್ಜಿಗೆ ಮರೆತಿರುವುದಿಲ್ಲ. ಮಗು ತನ್ನ ಪಾಠವನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಓದು ಬಾರದ ಅಜ್ಜಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಮಗುವಿಗೆ ಪರೀಕ್ಷೆಯ ಭಯವಿರುವುದಿಲ್ಲ. ಆಮೇಲೆ ಅಜ್ಜಿಯ ಸರದಿ. ತನ್ನೂರಿನ ಮಳೆಯನ್ನೋ ಬರಗಾಲವನ್ನೋ ಅವಳು ಹೇಳತೊಡಗಿದರೆ, ಯಾವ ವಾಹಿನಿಯಲ್ಲೂ ಬಾರದ ಧಾರಾವಾಹಿ ಆ ಕೋಣೆಯಲ್ಲಿ ಆರಂಭವಾಗುತ್ತದೆ.

ಹಿಂದೆ ಮಂಗಳ ಹಾಡಲು ದಾಸರಿದ್ದರು. ಅವರ ತರುವಾಯ ಕೆಲಕಾಲ ಪ್ರಸಾರ ಕೇಂದ್ರಗಳು ಆ ಕೆಲಸ ಮಾಡಿದವು. ಈಗ ಅದು ನಮ್ಮ ಪಾಲಿಗೆ ಬಂದಿದೆ. ಅದಕ್ಕೆ ರಾಗಜ್ಞಾನ ಬೇಡ, ತಾಳಜ್ಞಾನ ಬೇಡ. ಹಿರಿಯರು ಮೊದಲು ಹಾಡಿದರೆ ಕಿರಿಯರು ದನಿಗೂಡಿಸುತ್ತಾರೆ. ಈ ಭಾಷಣ ಮುಗಿಯುವ ಹೊತ್ತು ನಿಮ್ಮ ಮನೆಯಲ್ಲಿ ಊಟದ ಹೊತ್ತಾಗಿದ್ದರೆ ಕಿರುತೆರೆಯನ್ನು ಆರಿಸಿರಿ. ಬೇಕಿದ್ದರೆ ಈ ಬಾನುಲಿಯನ್ನೂ ಆರಿಸಿ ಊಟಕ್ಕೆ ಏಳಿರಿ.